ಪರದೆಯ ಮೇಲಿನ ಆರೋಪಿಗೆ ವಕೀಲನ ಕಿವಿ ಎಟುಕುವುದಿಲ್ಲ

ಮಾನ್ಯ ಸಂಪಾದಕರೇ,

ವಿಚಾರಣಾಧೀನ ಕೈದಿಗಳನ್ನು ಜೈಲಿನಿಂದ ಕೋರ್ಟಿಗೆ ಕರೆತರುವ ಬದಲು ವಿಡಿಯೊ ಕಾನ್ಫರೆನ್ಸ್ ಮೂಲಕವೇ ಹಾಜರುಪಡಿಸಿದರೆ ಬೆಂಗಾವಲು ಪೊಲೀಸರ ಕೊರತೆಯೂ ನೀಗುತ್ತದೆ, ಪ್ರಕರಣಗಳೂ ಬೇಗ ಇತ್ಯರ್ಥವಾಗುತ್ತವೆ ಎಂಬ ವಾದವನ್ನು ಆಗಾಗ ಕೇಳುತ್ತಿದ್ದೇವೆ. ಆರೋಪಿಗಳ ಪರವಾಗಿ ವಕಾಲತ್ತು ಹಾಕುವ ನನಗೆ ಈ ವಾದದ ಮೊದಲ ಭಾಗದ ಬಗ್ಗೆ ತಕರಾರಿಲ್ಲ. ಪ್ರಕರಣ ಬೇಗ ಮುಗಿಯಬಹುದು ಎಂಬುದನ್ನೂ ಒಪ್ಪುತ್ತೇನೆ. ಆದರೆ ಆರೋಪಿ ಮತ್ತು ಅವನ ವಕೀಲನ ನಡುವೆ ಖಾಸಗಿಯಾಗಿ ನಡೆಯಬೇಕಾದ ನಾಲ್ಕು ಮಾತಿಗೆ ಈ ವ್ಯವಸ್ಥೆಯಲ್ಲಿ ಜಾಗವೆಲ್ಲಿದೆ ಎಂಬ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡುತ್ತಿಲ್ಲ.

ಕೋವಿಡ್ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಎಂಬುದು ನಿಜ. ಜೈಲುಗಳಲ್ಲಿ ಜನದಟ್ಟಣೆ ತಗ್ಗಿಸಲು ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರ ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 23ರಂದು ನಿರ್ದೇಶನ ನೀಡಿತು. ಎರಡು ವಾರಗಳ ನಂತರ, ಏಪ್ರಿಲ್ 6ರಂದು, ಸಂವಿಧಾನದ 142ನೇ ವಿಧಿಯ ಅಧಿಕಾರವನ್ನು ಬಳಸಿ ನ್ಯಾಯಾಲಯಗಳ ಕಲಾಪವನ್ನು ವಿಡಿಯೊ ಮೂಲಕ ನಡೆಸಲು ಮಾರ್ಗಸೂಚಿ ಹೊರಡಿಸಿತು. ಆ ಮಾರ್ಗಸೂಚಿಯಲ್ಲಿದ್ದ ಒಂದು ಎಚ್ಚರಿಕೆ ಈಗ ಮರೆತುಹೋದಂತಿದೆ. ಹೈಕೋರ್ಟ್‌ಗಳು ತಮ್ಮ ನಿಯಮಗಳನ್ನು ರೂಪಿಸುವವರೆಗೆ ವಿಡಿಯೊ ಸೌಲಭ್ಯವನ್ನು ಮುಖ್ಯವಾಗಿ ವಾದ ಆಲಿಸುವುದಕ್ಕೆ ಬಳಸಬೇಕು, ಉಭಯ ಪಕ್ಷಗಳ ಒಪ್ಪಿಗೆ ಇಲ್ಲದೆ ಸಾಕ್ಷ್ಯ ದಾಖಲಿಸಿಕೊಳ್ಳಲೇ ಕೂಡದು ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ಅದೇ ವರ್ಷದ ಜೂನ್‌ನಲ್ಲಿ, ಲಾಕ್‌ಡೌನ್ ಕಾರಣಕ್ಕೆ ಕಾಲಮಿತಿ ವಿಸ್ತರಿಸಿದ ತನ್ನ ಆದೇಶವು ದೋಷಾರೋಪ ಪಟ್ಟಿ ಸಲ್ಲಿಸಲು ಇರುವ 60 ಅಥವಾ 90 ದಿನಗಳ ಗಡುವಿಗೆ ಅನ್ವಯಿಸುವುದಿಲ್ಲ ಎಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಆ ಗಡುವು ಮೀರಿದರೆ ಬಂಧಿತನಿಗೆ ಜಾಮೀನಿನ ಹಕ್ಕು ಸಿಗುತ್ತದೆ. ಅಂದರೆ, ಊರೆಲ್ಲ ಬಾಗಿಲು ಹಾಕಿದ್ದ ದಿನಗಳಲ್ಲೂ ಬಂಧಿತನ ಹಕ್ಕಿಗೆ ರಜೆ ಇರಲಿಲ್ಲ.

ಆ ದಿನಗಳ ನನ್ನದೇ ಒಂದು ಅನುಭವ ಹೇಳಬೇಕು. ಕಳವಿನ ಆರೋಪ ಹೊತ್ತ ಯುವಕನೊಬ್ಬನ ಪರವಾಗಿ ನಾನು ಹಾಜರಾಗುತ್ತಿದ್ದೆ. ನ್ಯಾಯಾಂಗ ಬಂಧನ ವಿಸ್ತರಣೆಗೆಂದು ಪ್ರತಿ ವಾಯಿದೆಯಲ್ಲೂ ಅವನು ಜೈಲಿನ ಕೊಠಡಿಯೊಂದರಿಂದ ಪರದೆಯ ಮೇಲೆ ಕಾಣಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಸಿಬ್ಬಂದಿ ನಿಂತಿರುತ್ತಿದ್ದರು, ಹಿಂದೆ ಸರದಿಗೆ ಕಾಯುವ ಇತರ ಕೈದಿಗಳು. 'ಏನಾದರೂ ಹೇಳುವುದಿದೆಯೇನಪ್ಪಾ?' ಎಂದು ಕೇಳಿದಾಗಲೆಲ್ಲ ಒಮ್ಮೆ ಪಕ್ಕಕ್ಕೆ ನೋಡಿ 'ಏನಿಲ್ಲ ಸರ್' ಎನ್ನುತ್ತಿದ್ದ. ತಿಂಗಳುಗಳ ನಂತರ ಕೋರ್ಟು ತೆರೆದು ಅವನನ್ನು ಕಟಕಟೆಗೆ ತಂದಾಗ, ಬಂಧನದ ಮೆಮೊದಲ್ಲಿ ತೋರಿಸಿದ ದಿನಕ್ಕಿಂತ ಎರಡು ದಿನ ಮೊದಲೇ ತನ್ನನ್ನು ಬಸ್ ನಿಲ್ದಾಣದಿಂದ ಕರೆದೊಯ್ದಿದ್ದರು ಎಂದು ನನ್ನ ಕಿವಿಯಲ್ಲಿ ಹೇಳಿದ. ಬಂಧಿಸಿದ 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಸಂವಿಧಾನದ 22ನೇ ವಿಧಿಯ ಉಲ್ಲಂಘನೆ ಅದು. ಆದರೆ ಸಾಬೀತುಪಡಿಸುವುದು ಹೇಗೆ? ನಿಲ್ದಾಣದ ಸಿಸಿಟಿವಿ ದೃಶ್ಯಗಳು ಅಷ್ಟರಲ್ಲಿ ಅಳಿಸಿಹೋಗಿದ್ದವು. ಮೊದಲ ವಾಯಿದೆಯಲ್ಲೇ ಅವನೊಂದಿಗೆ ಐದು ನಿಮಿಷ ಏಕಾಂತ ಸಿಕ್ಕಿದ್ದರೆ ಆ ದೃಶ್ಯಗಳನ್ನು ತರಿಸುವಂತೆ ಅಂದೇ ಅರ್ಜಿ ಹಾಕುತ್ತಿದ್ದೆ. ಜೈಲು ಸಿಬ್ಬಂದಿಯನ್ನು ನಾನು ದೂರುತ್ತಿಲ್ಲ. ಕೈದಿಯನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ಅವರ ಕರ್ತವ್ಯ. ಆದರೆ ಪೊಲೀಸರ ಬಗ್ಗೆ ದೂರು ಹೇಳಬೇಕಾದವನು ಸಮವಸ್ತ್ರದವರ ಎದುರೇ ಹೇಳಬೇಕೆಂದರೆ ಅವನು ಬಾಯಿ ಬಿಡುವುದಿಲ್ಲ.

ಪಾಟಿ ಸವಾಲಿನ ಹೊತ್ತಿನಲ್ಲಿ ಈ ಕೊರತೆ ಇನ್ನೂ ದೊಡ್ಡದು. ಸಾಕ್ಷಿ ಏನೋ ಹೇಳುತ್ತಾನೆ. ಕಟಕಟೆಯಲ್ಲಿರುವ ಆರೋಪಿ ಸನ್ನೆ ಮಾಡುತ್ತಾನೆ. ನ್ಯಾಯಾಧೀಶರ ಅನುಮತಿ ಪಡೆದು ವಕೀಲ ಅವನ ಬಳಿ ಹೋಗಿ ಬಗ್ಗಿ ಕೇಳಿಸಿಕೊಳ್ಳುತ್ತಾನೆ. 'ಆ ಪಂಚ (ಮಹಜರಿನ ಸಾಕ್ಷಿ) ಅವತ್ತು ಊರಲ್ಲೇ ಇರಲಿಲ್ಲ', 'ಆ ಮಚ್ಚು ನಮ್ಮ ಮನೆಯದಲ್ಲ, ಹಿಡಿ ನೋಡಿ' ಎಂಬಂಥ ಮಾತುಗಳು ಬರುವುದು ಆಗ. ಎಷ್ಟೇ ದಪ್ಪದ ಕಡತವನ್ನು ಓದಿಕೊಂಡು ಬಂದರೂ ವಕೀಲನಿಗೆ ಹೊಳೆಯದ ಪ್ರಶ್ನೆಗಳು ಇವು. ಆರೋಪಿ ಜೈಲಿನಲ್ಲಿ, ವಕೀಲ ಕೋರ್ಟಿನಲ್ಲಿ, ಸಾಕ್ಷಿ ಇನ್ನೆಲ್ಲೋ ಇದ್ದರೆ ಆ ಪಿಸುಮಾತು ಎಲ್ಲರಿಗೂ ಕೇಳಿಸುವ ಮೈಕಿನಲ್ಲೇ ಬರಬೇಕು, ಇಲ್ಲವೇ ಬರುವುದೇ ಇಲ್ಲ. ಎಷ್ಟೋ ಸಲ ಮೈಕನ್ನು ಜೈಲಿನ ಕಡೆಯವರೇ ಮ್ಯೂಟ್ ಮಾಡಿರುತ್ತಾರೆ.

ಇದನ್ನೆಲ್ಲ ಹೇಳುವಾಗ ತಂತ್ರಜ್ಞಾನವೇ ಬೇಡ ಎನ್ನುವ ಹಟ ನನಗಿಲ್ಲ. ವಿದೇಶದಲ್ಲಿದ್ದ ವೈದ್ಯರೊಬ್ಬರ ಸಾಕ್ಷ್ಯವನ್ನು ವಿಡಿಯೊ ಮೂಲಕ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ವರ್ಗಾವಣೆಯಾಗಿ ದೂರ ಹೋದ ವೈದ್ಯಾಧಿಕಾರಿ ಮರಣೋತ್ತರ ಪರೀಕ್ಷೆಯ ವರದಿಯನ್ನು ಗುರುತಿಸಲು ಒಂದು ಹಗಲು, ಒಂದು ರಾತ್ರಿ ಪ್ರಯಾಣ ಮಾಡಬೇಕಾಗಿಲ್ಲ. ಹತ್ತು ನಿಮಿಷದ ಜಾಮೀನು ವಾದಕ್ಕೆ ತಾಲ್ಲೂಕಿನ ವಕೀಲ ಹೈಕೋರ್ಟ್ ಪೀಠದವರೆಗೆ ಹೋಗಬೇಕಾಗಿಲ್ಲ. ಅದರ ಖರ್ಚು ಕೊನೆಗೆ ಬೀಳುವುದು ಕಕ್ಷಿದಾರನ ತಲೆಗೇ. ಬರೀ ಮುಂದಿನ ದಿನಾಂಕ ತಿಳಿಯುವುದಕ್ಕಾಗಿ ವ್ಯಾನಿನಲ್ಲಿ ಇಡೀ ದಿನ ಕುಳಿತು ಬರುವುದು ಬೇಡವೆಂದು ಆರೋಪಿಗಳೇ ಹೇಳಿದ್ದುಂಟು. ಅದೇ ದಿನ ಕೋರ್ಟಿನ ವರಾಂಡದಲ್ಲಿ ಮಗನ ಮುಖ ನೋಡಲು ಬೆಳಿಗ್ಗೆಯಿಂದ ಕಾದು ಕುಳಿತ ತಾಯಂದಿರನ್ನೂ ನಾನು ಕಂಡಿದ್ದೇನೆ, ಆ ಮಾತು ಬೇರೆ.

ಈಗ ಈ ಮಾತೆತ್ತಲು ಕಾರಣವಿದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಮು ವಿಚಾರಣೆಯ ಎಲ್ಲ ಹಂತಗಳನ್ನೂ ವಿದ್ಯುನ್ಮಾನ ವಿಧಾನದಲ್ಲಿ ನಡೆಸಬಹುದು ಎನ್ನುತ್ತದೆ. ಸಾಂಕ್ರಾಮಿಕ ಕಾಲದ ಆಪದ್ಧರ್ಮ ಹೀಗೆ ಕಾಯಂ ಕಾನೂನಾಗಿದೆ. ಪೊಲೀಸ್ ಕಸ್ಟಡಿಗೆ ಒಪ್ಪಿಸುವಾಗ ಆರೋಪಿಯನ್ನು ಖುದ್ದಾಗಿಯೇ ಹಾಜರುಪಡಿಸಬೇಕೆಂಬ ನಿಯಮವನ್ನು 187ನೇ ಕಲಮಿನಲ್ಲಿ ಉಳಿಸಿಕೊಂಡಿರುವುದು ಸಮಾಧಾನದ ಸಂಗತಿ. ಮೈಮೇಲಿನ ಬಾಸುಂಡೆಯನ್ನು ಮ್ಯಾಜಿಸ್ಟ್ರೇಟರು ಕಣ್ಣಾರೆ ನೋಡಬೇಕು, ಮುಖವನ್ನಷ್ಟೇ ತೋರಿಸುವ ಕ್ಯಾಮೆರಾಕ್ಕೆ ಅದು ಕಾಣದು. ಆದರೆ ಸೆಷನ್ಸ್ ವಿಚಾರಣೆಗೆ ಸಂಬಂಧಿಸಿದ 254ನೇ ಕಲಮು ಯಾವುದೇ ಸರ್ಕಾರಿ ನೌಕರನ ಸಾಕ್ಷ್ಯವನ್ನು ವಿಡಿಯೊ ಮೂಲಕ ಪಡೆಯಲು ಅವಕಾಶ ಕೊಟ್ಟಿದೆ. ತನಿಖಾಧಿಕಾರಿಯೂ ಸರ್ಕಾರಿ ನೌಕರನೇ ತಾನೆ. ಇಡೀ ಪ್ರಕರಣವನ್ನು ಕಟ್ಟಿದ ಅಧಿಕಾರಿ ತನ್ನದೇ ಠಾಣೆಯಲ್ಲಿ, ತನ್ನದೇ ಸಿಬ್ಬಂದಿಯ ನಡುವೆ ಕುಳಿತು ಪಾಟಿ ಸವಾಲಿಗೆ ಉತ್ತರಿಸುವಾಗ, ಮೇಜಿನ ಮೇಲೆ ಯಾವ ಕಾಗದ ಬಿಚ್ಚಿಟ್ಟಿದೆ, ಕ್ಯಾಮೆರಾದ ಹಿಂದೆ ಯಾರು ನಿಂತಿದ್ದಾರೆ ಎಂಬುದು ನ್ಯಾಯಾಧೀಶರಿಗೆ ತಿಳಿಯುವುದು ಹೇಗೆ?

ಆದ್ದರಿಂದ ಹೈಕೋರ್ಟ್ ಮತ್ತು ರಾಜ್ಯ ಸರ್ಕಾರದ ಮುಂದೆ ನನ್ನ ಕೋರಿಕೆ ಇಷ್ಟು. ಪ್ರತಿ ವಿಡಿಯೊ ಹಾಜರಾತಿಗೂ ಮುನ್ನ ಆರೋಪಿ ತನ್ನ ವಕೀಲನೊಂದಿಗೆ, ಸಿಬ್ಬಂದಿ ಗಾಜಿನ ಆಚೆಯಿಂದ ನೋಡಬಹುದಾದರೂ ಮಾತು ಕೇಳಿಸದಂಥ ಕೋಣೆಯಿಂದ, ಕನಿಷ್ಠ 15 ನಿಮಿಷ ಮಾತನಾಡುವ ವ್ಯವಸ್ಥೆಯಾಗಬೇಕು. ಅದು ನಡೆಯಿತೇ ಇಲ್ಲವೇ ಎಂಬುದನ್ನು ನ್ಯಾಯಾಧೀಶರು ಆ ದಿನದ ಆದೇಶದಲ್ಲೇ ನಮೂದಿಸಬೇಕು. ವಕೀಲ ಮತ್ತು ಕಕ್ಷಿದಾರನ ನಡುವಿನ ಮಾತು ಗೋಪ್ಯ ಎಂದು ಸಾಕ್ಷ್ಯ ಕಾನೂನು ಹೇಳಿದರೆ ಸಾಲದು, ಆ ಮಾತಾಡಲು ಒಂದು ಕೋಣೆಯೂ ಬೇಕು. ತನಿಖಾಧಿಕಾರಿ, ಪಂಚರು ಮತ್ತು ಪ್ರತ್ಯಕ್ಷ ಸಾಕ್ಷಿಗಳ ಪಾಟಿ ಸವಾಲು ವಿಡಿಯೊದಲ್ಲಿ ನಡೆಯಬೇಕಾದರೆ ಆರೋಪಿಯ ಲಿಖಿತ ಒಪ್ಪಿಗೆ ಇರಬೇಕು, ಅವನು ಆ ದಿನ ವಕೀಲನ ಜೊತೆಗೇ ಕೋರ್ಟಿನಲ್ಲಿ ಇರಬೇಕು. ಸಾಕ್ಷಿ ಠಾಣೆಯಿಂದ ಮಾತನಾಡದೆ ಹತ್ತಿರದ ಇನ್ನೊಂದು ನ್ಯಾಯಾಲಯದ ಕೊಠಡಿಯಿಂದ ಮಾತನಾಡಲಿ. ಬೆಂಗಾವಲು ಪೊಲೀಸರ ಕೊರತೆಗೆ ಪರಿಹಾರ ಹೊಸ ನೇಮಕಾತಿ. ಆ ಕೊರತೆಯನ್ನು ಆರೋಪಿಯ ಹಕ್ಕಿನಿಂದ ಭರ್ತಿ ಮಾಡುವುದು ಬೇಡ.

ಇಂತಿ,
ಜಿಲ್ಲಾ ನ್ಯಾಯಾಲಯವೊಂದರ ವಕೀಲ