ಮಗಳಿಗೊಂದು ಪತ್ರ: ಮೊದಲು ಫ್ಯಾಕ್ಟರ್

ಪುಟ್ಟೀ,

ಸೋಮವಾರದಿಂದ ಹಿಮೋಫಿಲಿಯಾ ಡೇ ಕೇರ್‌ನಲ್ಲಿ ಡ್ಯೂಟಿ ಅಂದೆಯಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಅಂತ ಬರೆಯುತ್ತಿದ್ದೇನೆ. ಹಿಮೋಫಿಲಿಯಾ ಇದ್ದವರಿಗೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಕಮ್ಮಿ, ಅದನ್ನೇ ಫ್ಯಾಕ್ಟರ್ ಅನ್ನುವುದು: ಕೆಲವರಿಗೆ 8ನೆಯದು, ಕೆಲವರಿಗೆ 9ನೆಯದು. ಕಮ್ಮಿಯಿರುವುದನ್ನು ರಕ್ತನಾಳಕ್ಕೆ ಇಂಜೆಕ್ಷನ್ ಆಗಿ ಕೊಡಬೇಕು.

ಹುಡುಗ ಕುಂಟುತ್ತಾ ಬಂದು "ಸಿಸ್ಟರ್, ಮಂಡಿಯೊಳಗೆ ಜುಮ್ ಅಂತಿದೆ" ಅಂದರೆ, ಊತ ಕಾಣುತ್ತಿಲ್ಲವಲ್ಲ ಅಂತ ಕೂರಿಸಬೇಡ. ಕೀಲಿನೊಳಗೆ ರಕ್ತ ಒಸರುವುದು ನಮ್ಮ ಕಣ್ಣಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಊದಿ ಬಿಸಿಯಾಗುವವರೆಗೆ ಕಾದರೆ ಒಳಪೊರೆ ದಪ್ಪವಾಗಿ ಅದೇ ಮಂಡಿಯಲ್ಲಿ ಮತ್ತೆ ಮತ್ತೆ ರಕ್ತ ತುಂಬುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರುವುದರಲ್ಲೇ ಅವನ ಹೊತ್ತು ಹೋಗಿರುತ್ತದೆ, ಓಪಿಡಿ ಸಾಲಿನಲ್ಲಿ ಇನ್ನಷ್ಟು ಹೋಗಬಾರದು. ತಲೆಗೆ ಪೆಟ್ಟಾಗಿದ್ದರಂತೂ ಮೊದಲು ಫ್ಯಾಕ್ಟರ್, ಸ್ಕ್ಯಾನ್ ಆಮೇಲೆ. ತೊಡೆಸಂದು ನೋವು, ಕಾಲು ಚಾಚಲಾಗುತ್ತಿಲ್ಲ ಅಂದರೆ ಸೊಂಟದಾಳದ ಸೋಯಾಸ್ ಸ್ನಾಯುವಿನಲ್ಲಿ ರಕ್ತ ಸೇರುತ್ತಿರಬಹುದು. ಬಲಗಡೆಯಾದರೆ ಅಪೆಂಡಿಸೈಟಿಸ್ ಅಂದುಕೊಂಡುಬಿಡುತ್ತಾರೆ, ಹುಷಾರು.

ಡೋಸ್ ಬರೆಯುವುದು ಡಾಕ್ಟರೇ, ಆದರೂ ನೀನೊಮ್ಮೆ ಲೆಕ್ಕ ಹಾಕು. ಕಿಲೋಗೆ 1 ಯೂನಿಟ್ ಕೊಟ್ಟರೆ ಫ್ಯಾಕ್ಟರ್ 8 ಸುಮಾರು 2% ಏರುತ್ತದೆ, ಫ್ಯಾಕ್ಟರ್ 9 ಸುಮಾರು 1%. 20 ಕಿಲೋ ಮಗುವಿಗೆ 40% ಏರಿಸಬೇಕಿದ್ದರೆ 8ರಲ್ಲಿ 400 ಯೂನಿಟ್, 9ರಲ್ಲಿ 800. 500 ಯೂನಿಟ್‌ನ ವಯಲ್ (ಔಷಧದ ಪುಟ್ಟ ಸೀಸೆ) ಬೆರೆಸಿದ ಮೇಲೆ ಉಳಿದ 100 ಚೆಲ್ಲಬೇಡ, ಡಾಕ್ಟರನ್ನು ಕೇಳಿ ಪೂರ್ತಿ ಕೊಡು.

ಬೆರೆಸುವಾಗ ಅವಸರ ಬೇಡ. ಫ್ರಿಜ್‌ನಿಂದ ತೆಗೆದ ಪುಡಿಯ ವಯಲ್, ನೀರಿನ ವಯಲ್ ಎರಡೂ ಕೋಣೆಯ ಬಿಸಿಗೆ ಬರಲಿ. ರಬ್ಬರ್ ಮುಚ್ಚಳ ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಡು. ನೀರು ಗಾಜಿನ ಗೋಡೆಗುಂಟ ಇಳಿಯಲಿ. ಆಮೇಲೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸು, ಕುಲುಕಿದರೆ ನೊರೆ ಬರುತ್ತದೆ, ಪ್ರೋಟೀನ್ ಕೆಡುತ್ತದೆ. ಪುಡಿಯ ಕಣ ಉಳಿದಿದ್ದರೆ ಎಳೆಯಬೇಡ, ಎಳೆಯುವಾಗ ಫಿಲ್ಟರ್ ಸೂಜಿಯೇ ಇರಲಿ. ಸಣ್ಣ ಬಟರ್‌ಫ್ಲೈ ಸೂಜಿ ಹಾಕಿ ನಿಧಾನಕ್ಕೆ ಕೊಡು: ದೊಡ್ಡವರಿಗೂ ನಿಮಿಷಕ್ಕೆ 3 ಎಂಎಲ್ ಮೀರಬಾರದು, ಮಕ್ಕಳಿಗೆ ಇನ್ನೂ ನಿಧಾನ. ಸೂಜಿ ತೆಗೆದ ಮೇಲೆ ಐದು ನಿಮಿಷವಾದರೂ ಹತ್ತಿ ಒತ್ತಿ ಹಿಡಿ, ನಡುವೆ ಎತ್ತಿ ನೋಡಬೇಡ. ಮೊಣಕೈ ಮಡಿಸಲೂ ಬಿಡಬೇಡ, ಒಳಗೆ ನೀಲಿಗಟ್ಟುತ್ತದೆ. ಆ ರಕ್ತನಾಳ ಅವನಿಗೆ ಬಾಳಿಡೀ ಬೇಕು ಪುಟ್ಟೀ.

ಸ್ನಾಯುವಿಗೆ ಇಂಜೆಕ್ಷನ್ ಚುಚ್ಚಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೆಡಿಕಲ್ ಶಾಪಿನವನೇ ಕೊಟ್ಟರೂ ತೆಗೆದುಕೊಳ್ಳಬಾರದು ಅಂತ ಮನೆಯವರಿಗೆ ಬಿಡಿಸಿ ಹೇಳು. ಎಂದಿನ ಡೋಸ್ ಕೊಟ್ಟರೂ ನೋವು ಇಳಿಯದಿದ್ದರೆ ಇನ್ಹಿಬಿಟರ್ (ಕೊಟ್ಟ ಫ್ಯಾಕ್ಟರ್ ಕೆಲಸ ಮಾಡದಂತೆ ತಡೆಯುವ ಪ್ರತಿಕಾಯ) ಬಂದಿರಬಹುದು, ಇನ್ನೊಂದು ವಯಲ್ ಬೆರೆಸುವ ಮೊದಲು ಡಾಕ್ಟರಿಗೆ ಹೇಳು.

ತಮ್ಮನ ಜೊತೆ ಬಂದ ಅಕ್ಕನನ್ನು, ತಾಯಿಯನ್ನು ಯಾರೂ ವಿಚಾರಿಸುವುದಿಲ್ಲ. ವಾಹಕಿ, ಅಂದರೆ ಈ ಕಾಯಿಲೆಯ ಜೀನ್ ಹೊತ್ತವಳು, ಅಂದರೆ ತೊಂದರೆಯಿಲ್ಲ ಅನ್ನುವುದು ತಪ್ಪು, ಅವರ ಫ್ಯಾಕ್ಟರ್ ಮಟ್ಟವೂ ಕಮ್ಮಿ ಇರಬಹುದು. ಮುಟ್ಟಿನಲ್ಲಿ ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾ, ಏಳು ದಿನ ದಾಟುತ್ತದಾ, ಗಡ್ಡೆಗಡ್ಡೆಯಾಗಿ ಹೋಗುತ್ತದಾ ಅಂತ ಪಕ್ಕಕ್ಕೆ ಕರೆದು ಕೇಳು. ಹೌದೆಂದರೆ ಫ್ಯಾಕ್ಟರ್ ಮಟ್ಟ, ಹಿಮೋಗ್ಲೋಬಿನ್ ಎರಡಕ್ಕೂ ಡಾಕ್ಟರ ಹತ್ತಿರ ಬರೆಸು. ಹಲ್ಲು ಕೀಳಿಸುವ ಮೊದಲೇ, ಹೆರಿಗೆಯ ಮೊದಲೇ ಅದು ಗೊತ್ತಿರಬೇಕು.

ನಿನ್ನ
ಅಮ್ಮ