ಎರಡು ವ್ಯಾಗನ್ ಮಾಲಿನವನಿಗೂ ಭೂತಾನ್ ರೈಲಿನಲ್ಲಿ ಜಾಗ ಕೊಡಿ: ಸಚಿವ ಸೋಮಣ್ಣನವರಿಗೆ ಬಹಿರಂಗ ಪತ್ರ

ರೈಲ್ವೆ ರಾಜ್ಯ ಸಚಿವರಾದ ಶ್ರೀ ವಿ. ಸೋಮಣ್ಣನವರಿಗೆ ನಮಸ್ಕಾರಗಳು.

ಸಾರ್, ನಮ್ಮೂರಲ್ಲಿ ರೈಲು ನಿಲ್ಲಿಸಿ, ಮೇಲ್ಸೇತುವೆ ಕಟ್ಟಿಸಿ ಅಂತ ಕೇಳುವ ಪತ್ರ ಇದಲ್ಲ. ಅಂಥ ಅರ್ಜಿಗಳು ನಿಮ್ಮ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ನಾನು ಬರೆಯುತ್ತಿರುವುದು ದೇಶದ ಇನ್ನೊಂದು ತುದಿಯಲ್ಲಿ, ಭೂತಾನಿನ ಗಡಿ ದಾಟಲಿರುವ ಎರಡು ಲೈನುಗಳ ಬಗ್ಗೆ. ಇದರಲ್ಲಿ ಕನ್ನಡದವನಿಗೇನು ಕೆಲಸ ಅಂತ ಕೇಳಬಹುದು. ಕೆಲಸ ಇದೆ, ಅಡಿಕೆಯ ಮಾತು ಬಂದಾಗ ಹೇಳುತ್ತೇನೆ. ಮತ್ತೆ, ಕನ್ನಡದಲ್ಲಿ ಬರೆದರೂ ಓದುವ ಸಚಿವರೊಬ್ಬರು ರೈಲ್ವೆಯಲ್ಲಿ ಇರುವಾಗ ಇಂಗ್ಲಿಷಿನಲ್ಲಿ ತಿಣುಕುವುದು ಯಾಕೆ, ಅಲ್ವಾ?

2025ರ ಸೆಪ್ಟೆಂಬರ್ 29ರಂದು ದೆಹಲಿಯಲ್ಲಿ ಘೋಷಣೆ ಆಯಿತು. ಅಸ್ಸಾಮಿನ ಕೊಕ್ರಝಾರ್‌ನಿಂದ ಭೂತಾನಿನ ಗೆಲೆಫುವಿಗೆ 69 ಕಿಲೋಮೀಟರ್, 3,456 ಕೋಟಿ ರೂಪಾಯಿ, ನಾಲ್ಕು ವರ್ಷ. ಪಶ್ಚಿಮ ಬಂಗಾಳದ ಬನಾರ್‌ಹಾಟ್‌ನಿಂದ ಸಮ್ತ್ಸೆಗೆ 20 ಕಿಲೋಮೀಟರ್, 577 ಕೋಟಿ, ಮೂರು ವರ್ಷ. ಭೂತಾನಿನಲ್ಲಿ ಈವರೆಗೆ ಒಂದಡಿ ರೈಲು ಹಳಿಯೂ ಇಲ್ಲ. ಹೀಗಾಗಿ ಸುದ್ದಿ ದೊಡ್ಡದೇ.

ಆದರೆ ಘೋಷಣೆ ಇದೇ ಮೊದಲಲ್ಲ. 2008ರಲ್ಲಿ ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಥಿಂಫುವಿಗೆ ಹೋಗಿದ್ದಾಗ ಪಶ್ಚಿಮ ಬಂಗಾಳದ ಹಾಸಿಮಾರಾದಿಂದ ಭೂತಾನಿನ ಫುಂಟ್‌ಶೋಲಿಂಗ್‌ಗೆ ಲೈನು ಹಾಕುತ್ತೇವೆ ಅಂದಿದ್ದರು. 'ಸುವರ್ಣ ಮಹೋತ್ಸವ ರೈಲು ಮಾರ್ಗ' ಅಂತ ಹೆಸರೂ ಇಟ್ಟಾಗಿತ್ತು. ಹೆಸರಷ್ಟೇ ಉಳಿಯಿತು. ಹಾಸಿಮಾರಾದಲ್ಲಿ ಇಳಿದ ಮಾಲು ಈಗಲೂ ಲಾರಿ ಹತ್ತಿಯೇ ಗಡಿ ದಾಟುತ್ತದೆ.

ಈ ಸಲ ಹಳಿ ಬೀಳುತ್ತದೆ ಅಂತಲೇ ಇಟ್ಟುಕೊಳ್ಳೋಣ. ನನ್ನ ಚಿಂತೆ ಹಳಿ ಬಿದ್ದ ಮೇಲಿನದು.

ನಾನು ಸರಕು ಸಾಗಣೆಯ ಕೆಲಸದಲ್ಲಿ ತಲೆ ಹಣ್ಣು ಮಾಡಿಕೊಂಡವನು. ಇಂಡೆಂಟ್ ಹಾಕುವುದು, ಅಂದರೆ ವ್ಯಾಗನ್ ಬೇಕು ಅಂತ ರೈಲ್ವೆಗೆ ಬೇಡಿಕೆ ಕೊಡುವುದು, ರೇಕ್ (ಒಂದು ಗೂಡ್ಸ್ ರೈಲಿನ ವ್ಯಾಗನ್‌ಗಳ ಇಡೀ ಸಾಲು) ಯಾವಾಗ ಬರುತ್ತದೆ ಅಂತ ಕಾಯುವುದು, ಬಂದ ಮೇಲೆ ಗಡಿಯಾರ ನೋಡುತ್ತಾ ತುಂಬಿಸುವುದು, ತಡವಾದರೆ ಡೆಮರೇಜ್ ಅನ್ನುವ ದಂಡ ಕಟ್ಟುವುದು. ಒಂದು ಸಲ ಸರಕು ತುಂಬಿಸಿ ಇಳಿಸುವ ಒಂದು ಗೂಡ್ಸ್ ಶೆಡ್‌ನಲ್ಲಿ, ಯಾವ ಊರಿನದು ಅನ್ನುವುದು ಬೇಡ, ನಡುರಾತ್ರಿ ರೇಕ್ ಬಂತು. ಪ್ಲಾಟ್‌ಫಾರಂಗೆ ಸೂರಿಲ್ಲ, ದೀಪ ಇದ್ದದ್ದು ಎರಡೇ. ಇಳಿಸಿದ ಚೀಲಗಳ ಮೇಲೆ ಬೆಳಗಿನ ಜಾವ ಮಳೆ ಸುರಿಯಿತು. ಟಾರ್ಪಾಲು ಹುಡುಕಿ ತರುವಷ್ಟರಲ್ಲಿ ಕೆಳಗಿನ ಸಾಲು ನೆಂದು ಮುದ್ದೆಯಾಗಿತ್ತು. ಅವತ್ತಿನಿಂದ ಯಾವ ಹೊಸ ಲೈನಿನ ಸುದ್ದಿ ಬಂದರೂ ನಾನು ಮೊದಲು ಕೇಳುವುದು ಒಂದೇ: ಗೂಡ್ಸ್ ಶೆಡ್ ಎಲ್ಲಿ, ಹೇಗೆ?

ಕೊಕ್ರಝಾರ್–ಗೆಲೆಫು ಯೋಜನೆಯಲ್ಲಿ ಆರು ಸ್ಟೇಷನ್, 29 ದೊಡ್ಡ ಸೇತುವೆ, 65 ಸಣ್ಣ ಸೇತುವೆ ಇವೆ. ಗೂಡ್ಸ್ ಶೆಡ್ ಎರಡು. ಸಂಖ್ಯೆ ಬಗ್ಗೆ ನನ್ನ ತಕರಾರಿಲ್ಲ. ಆ ಶೆಡ್‌ಗಳನ್ನು ಯಾರಿಗಾಗಿ ಕಟ್ಟುತ್ತೀರಿ ಅನ್ನುವುದು ನನ್ನ ಪ್ರಶ್ನೆ.

ಗೂಡ್ಸ್ ರೈಲಿನಲ್ಲಿ ಮಾಲು ಕಳಿಸಬೇಕು ಅಂದರೆ ಸಾಮಾನ್ಯವಾಗಿ ಇಡೀ ರೇಕ್ ತುಂಬಿಸಬೇಕು. ಸಿಮೆಂಟ್ ಕಂಪನಿಗೆ, ಆಹಾರ ನಿಗಮಕ್ಕೆ, ಎಣ್ಣೆ ಕಂಪನಿಗೆ ಅದು ಕಷ್ಟವಲ್ಲ. ಭೂತಾನಿನ ಜನಸಂಖ್ಯೆ ಎಂಟು ಲಕ್ಷಕ್ಕೂ ಕಮ್ಮಿ. ಗೆಲೆಫುವಿನ ಸುತ್ತಮುತ್ತ ಬೆಳೆಯುವುದು ಕಿತ್ತಳೆ, ದೊಡ್ಡ ಏಲಕ್ಕಿ, ಅಡಿಕೆ. ಅಲ್ಲಿನ ವ್ಯಾಪಾರಿ ಒಬ್ಬನೇ ಒಂದೇ ದಿನ ಸಾವಿರಾರು ಟನ್ ಕಿತ್ತಳೆ ಎಲ್ಲಿಂದ ತರುತ್ತಾನೆ? ಅವನ ಹತ್ತಿರ ಇರುವುದು ಒಂದು ಲಾರಿ ಮಾಲು, ಜಾಸ್ತಿ ಅಂದರೆ ಎರಡು. ರೈಲು ಅವನ ಮನೆ ಮುಂದೆಯೇ ಹಾದು ಹೋದರೂ ಅವನು ಲಾರಿಯನ್ನೇ ಹುಡುಕಬೇಕು.

ಇದಕ್ಕೆ ಮದ್ದು ನಿಮ್ಮ ಇಲಾಖೆಯಲ್ಲೇ ಇದೆ. 2020ರ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ. ಗುಂಟೂರಿನ ಒಣ ಮೆಣಸಿನಕಾಯಿ ರಸ್ತೆ ಮೇಲೆ ಬಾಂಗ್ಲಾದೇಶಕ್ಕೆ ಹೋಗುವುದು ನಿಂತಿತ್ತು. ಗೂಡ್ಸ್ ರೈಲಿನಲ್ಲಿ ಕಳಿಸಬೇಕಾದರೆ ಒಂದು ಸಲಕ್ಕೆ 1,500 ಟನ್ನಿಗಿಂತ ಹೆಚ್ಚು ಬೇಕಿತ್ತು. ಸಣ್ಣ ರೈತರಿಗೆ, ವ್ಯಾಪಾರಿಗಳಿಗೆ ಅದು ಆಗದ ಮಾತು. ಆಗ ರೈಲ್ವೆಯವರು ಏನು ಮಾಡಿದರು? ಗುಂಟೂರಿನ ಹತ್ತಿರದ ರೆಡ್ಡಿಪಾಲೆಂನಿಂದ ಬಾಂಗ್ಲಾದೇಶದ ಬೆನಾಪೋಲ್‌ಗೆ ವಿಶೇಷ ಪಾರ್ಸೆಲ್ ರೈಲು ಬಿಟ್ಟರು. 16 ಪಾರ್ಸೆಲ್ ವ್ಯಾನ್, 384 ಟನ್ ಮೆಣಸಿನಕಾಯಿ. ಲೆಕ್ಕ ಹಾಕಿ ನೋಡಿ, ವ್ಯಾನಿಗೆ 24 ಟನ್. ಅಂದರೆ ಒಂದು ದೊಡ್ಡ ಲಾರಿಯ ಮಾಲು. ರಸ್ತೆಯಲ್ಲಿ ಟನ್ನಿಗೆ 7,000 ರೂಪಾಯಿ ಬೀಳುತ್ತಿದ್ದದ್ದು ಆ ರೈಲಿನಲ್ಲಿ 4,608ಕ್ಕೆ ಮುಗಿಯಿತು. ಇದು ರೈಲ್ವೆಯೇ ಕೊಟ್ಟ ಲೆಕ್ಕ.

ಕಷ್ಟ ಬಂದಾಗ ಹೊಳೆದ ಆ ಬುದ್ಧಿ ಕಷ್ಟ ಮುಗಿದ ಮೇಲೂ ಇರಲಿ ಅನ್ನುವುದು ನನ್ನ ಬೇಡಿಕೆ. ಗೆಲೆಫು, ಸಮ್ತ್ಸೆ ಎರಡೂ ಕಡೆ ಮೊದಲ ದಿನದಿಂದಲೇ ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಹೊರಡುವ ಒಂದು ಸರಕು ರೈಲು ಇರಬೇಕು. ಅದರಲ್ಲಿ ಒಂದು ವ್ಯಾಗನ್, ಎರಡು ವ್ಯಾಗನ್ ಬುಕ್ ಮಾಡಲು ಆಗಬೇಕು. ತುಂಬಲಿ ಬಿಡಲಿ, ಹೊತ್ತಿಗೆ ಹೊರಡಬೇಕು. ಕಿತ್ತಳೆ ರೇಕ್ ತುಂಬುವವರೆಗೆ ಕಾಯುವುದಿಲ್ಲ, ಕೊಳೆಯುತ್ತದೆ.

ಖಾಲಿ ಓಡಿಸಿದರೆ ನಷ್ಟ ಅಂತ ಅಧಿಕಾರಿಗಳು ಹೇಳುತ್ತಾರೆ. ಹೌದು, ಮೊದಲ ಒಂದೆರಡು ವರ್ಷ ನಷ್ಟವೇ. 4,033 ಕೋಟಿ ಹಾಕಿ ಹಳಿ ಹಾಸಿದ ಮೇಲೆ ವಾರಕ್ಕೊಂದು ರೈಲಿನ ನಷ್ಟ ಲೆಕ್ಕ ಮಾಡುತ್ತಾ ಕೂರುವುದು ಮದುವೆಗೆ ಹೊಲ ಮಾರಿ ವೀಳ್ಯದೆಲೆಗೆ ಚೌಕಾಸಿ ಮಾಡಿದ ಹಾಗೆ.

ಇನ್ನು ವಾಪಸ್ ಬರುವ ಮಾಲಿನ ವಿಷಯ. ಭೂತಾನಿನ ವ್ಯಾಪಾರದಲ್ಲಿ ನೂರಕ್ಕೆ ಸುಮಾರು 80 ಪಾಲು ನಮ್ಮ ಜೊತೆಗೇ. ಆದರೆ ಅವರು ನಮಗೆ ಮಾರುವ ದೊಡ್ಡ ಸರಕು ವಿದ್ಯುತ್, ಅದು ತಂತಿಯಲ್ಲಿ ಬರುತ್ತದೆ, ವ್ಯಾಗನ್ ಕೇಳುವುದಿಲ್ಲ. ನಾವು ಕಳಿಸುವುದು ಡೀಸೆಲ್, ಅಕ್ಕಿ, ಕಬ್ಬಿಣ. ಡೀಸೆಲ್ ಟ್ಯಾಂಕರಿನಲ್ಲಿ ಕಿತ್ತಳೆ ತುಂಬಿಸಲು ಆಗುತ್ತದೆಯೇ? ಹೋಗುವಾಗ ತುಂಬಿ ಬರುವಾಗ ಖಾಲಿ ಆದರೆ ಬಾಡಿಗೆ ಹೇಗೂ ಏರುತ್ತದೆ.

ಸಮ್ತ್ಸೆ ಕಡೆ ಇದಕ್ಕೆ ದಾರಿ ಇದೆ. ಅಲ್ಲಿ ಡೊಲೊಮೈಟ್ ಇದೆ, ಸಿಮೆಂಟ್ ಇದೆ. ಭೂತಾನಿನ ಕಲ್ಲು ನಮ್ಮ ನೆಲ ದಾಟಿ ಚಾಂಗ್ರಾಬಂಧಾ–ಬುರಿಮಾರಿ ಗಡಿಯಲ್ಲಿ ಲಾರಿಗಟ್ಟಲೆ ಬಾಂಗ್ಲಾದೇಶಕ್ಕೆ ಹೋಗುತ್ತಾ ಬಂದಿದೆ. ಅಲ್ಲೇ ಹತ್ತಿರದಲ್ಲಿ ಬಾಂಗ್ಲಾದೇಶಕ್ಕೆ ಹೋಗುವ ಹಲ್ದಿಬಾಡಿ–ಚಿಲಾಹಾಟಿ ರೈಲು ಮಾರ್ಗ ಇದೆ. 1965ರ ಯುದ್ಧದಲ್ಲಿ ಮುಚ್ಚಿ, 2020ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದದ್ದು. 2021ರ ಆಗಸ್ಟ್‌ನಲ್ಲಿ ಅಲ್ಲಿ ಮೊದಲು ಹೋದ ಗೂಡ್ಸ್ ರೈಲು ಹೊತ್ತಿದ್ದದ್ದೂ ಕಲ್ಲನ್ನೇ. ಬನಾರ್‌ಹಾಟ್ ಲೈನನ್ನು ಭೂತಾನಿಗೆ ಹೋಗುವ ಬಾಲ ಅಂತ ನೋಡಬೇಡಿ. ಮೂರು ದೇಶಗಳ ಸರಕು ಸೇರುವ ಜಾಗ ಅಂತ ನೋಡಿ, ಯಾರ್ಡನ್ನು ಆ ಅಳತೆಗೆ ಕಟ್ಟಿಸಿ. ಢಾಕಾ ಜೊತೆ ಸಂಬಂಧ ಈಗ ಹಳಸಿರಬಹುದು. ಯಾರ್ಡ್ ಐವತ್ತು ವರ್ಷ ಇರುತ್ತದೆ, ಮನಸ್ತಾಪ ಅಷ್ಟು ವರ್ಷ ಇರಲಾರದು.

ಮನಸ್ತಾಪ ಅಂದಾಗ ಅಗರ್ತಲಾ–ಅಖೌರಾ ನೆನಪಾಗುತ್ತದೆ. ತ್ರಿಪುರಾದಿಂದ ಬಾಂಗ್ಲಾದೇಶಕ್ಕೆ 12.24 ಕಿಲೋಮೀಟರ್ ಲೈನು. ಅಗರ್ತಲಾದಿಂದ ಗುವಾಹಟಿ ಸುತ್ತಿಕೊಂಡು ಕೋಲ್ಕತ್ತಕ್ಕೆ ಸುಮಾರು 1,600 ಕಿಲೋಮೀಟರ್. ಢಾಕಾ ಮೇಲೆ ಹೋದರೆ ಅದರ ಮೂರನೇ ಒಂದು ಪಾಲು. 2016ರಲ್ಲಿ ಅಡಿಗಲ್ಲು, 2023ರ ನವೆಂಬರ್ 1ರಂದು ಎರಡೂ ದೇಶದ ಪ್ರಧಾನಿಗಳಿಂದ ಉದ್ಘಾಟನೆ. ಉದ್ಘಾಟನೆ ಆಗಿ ತಿಂಗಳುಗಳು ಕಳೆದರೂ ನಿಯಮಿತ ರೈಲು ಹೊರಡಲಿಲ್ಲ. ಮರುವರ್ಷ ಢಾಕಾದಲ್ಲಿ ಸರ್ಕಾರವೇ ಬಿತ್ತು. ಭೂತಾನಿನ ವಿಷಯದಲ್ಲಿ ಅಂಥ ಭಯ ಇಲ್ಲ. ವೀಸಾ ಇಲ್ಲ, ಅವರ ನೋಟಿಗೂ ನಮ್ಮ ರೂಪಾಯಿಗೂ ಒಂದಕ್ಕೊಂದು ಸಮ, ಮುಕ್ತ ವ್ಯಾಪಾರ ಒಪ್ಪಂದ 1972ರಿಂದಲೂ ಇದೆ. ಗೇಜ್, ಅಂದರೆ ಹಳಿಯ ಅಗಲದ, ಜಗಳವೂ ಇಲ್ಲ, ಹಳಿ ಹಾಕುವವರು ನಾವೇ. ಇಷ್ಟು ಸಲೀಸಾದ ಗಡಿ ನಮಗೆ ಬೇರೆ ಎಲ್ಲಿದೆ? ಆದರೂ ಕಸ್ಟಮ್ಸ್ ಕಚೇರಿ, ಗಿಡ-ಹಣ್ಣಿನ ತಪಾಸಣೆ ಕೊಠಡಿ, ತೂಕದ ಸೇತುವೆ ಇವೆಲ್ಲ 'ಎರಡನೇ ಹಂತ'ಕ್ಕೆ ಹೋದರೆ ಇಲ್ಲೂ ರಿಬ್ಬನ್ ಕತ್ತರಿಸಿದ್ದೇ ಬಂತು.

ನೇಪಾಳದ ಉದಾಹರಣೆ ಕಣ್ಣೆದುರಿಗಿದೆ. ಬಿಹಾರದ ರಕ್ಸೌಲ್‌ನಿಂದ ಬೀರ್‌ಗಂಜ್‌ನ ಒಣ ಬಂದರಿಗೆ (ಸಮುದ್ರವಿಲ್ಲದ ಕಡೆ ಕಂಟೇನರ್ ಇಳಿಸುವ ಜಾಗ) ಕೆಲವೇ ಕಿಲೋಮೀಟರ್ ಹಳಿ. 2004ರಿಂದ ಕೋಲ್ಕತ್ತ ಬಂದರಿನ ಕಂಟೇನರ್ ಅಲ್ಲಿಗೆ ಹೋಗುತ್ತಿವೆ. ಆಮೇಲೆ ಕಂಟೇನರಿಗೆ ಎಲೆಕ್ಟ್ರಾನಿಕ್ ಸೀಲ್ ಬಂತು. ಬಂದರಿನಲ್ಲೇ ಬೀಗ ಹಾಕಿದರೆ ಗಡಿಯಲ್ಲಿ ಮತ್ತೆ ಬಿಚ್ಚಿ ನೋಡುವ ಕೆಲಸ ಇಲ್ಲ. ಭೂತಾನಿಗೂ ಅದೇ ಸೀಲ್ ಸಾಕು.

ಈಗ ಅಡಿಕೆಗೆ ಬರೋಣ. ತುಮಕೂರಿನ ಸಂಸದರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಒಪ್ಪಿತು, ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಕಮ್ಮಿಗೆ ತರಬಾರದು ಅನ್ನುವ ಬೆಲೆ) ಷರತ್ತಿಲ್ಲದೆ. ಆಗ ನಮ್ಮ ಅಡಿಕೆ ಬೆಳೆಗಾರರು ಸಿಟ್ಟಾಗಿದ್ದು ನಿಮಗೆ ಗೊತ್ತು. ಭೂತಾನಿನ ಮಾಲು ಬರುವ ಗಡಿ ಬಾಗಿಲುಗಳಲ್ಲಿ ಒಂದು ಯಾವುದು? ಚಾಮುರ್ಚಿ. ಸಮ್ತ್ಸೆಯ ಬಾಗಿಲಲ್ಲೇ, ಬನಾರ್‌ಹಾಟ್‌ನ ಪಕ್ಕದಲ್ಲೇ. ಹೊಸ ಲೈನು ಬಂದರೆ ಅಡಿಕೆ ರೈಲುಗಟ್ಟಲೆ ಬಂದು ಸುರಿಯುತ್ತದೆ ಅಂತ ನಮ್ಮ ಕಡೆ ನಾಳೆ ಕೂಗು ಏಳುತ್ತದೆ.

ನನ್ನದೂ ಒಂದಿಷ್ಟು ಅಡಿಕೆ ತೋಟ ಇದೆ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಭೂತಾನಿನ ರೈತ ಬೆಳೆದ ಅಡಿಕೆ ನಮಗೆ ಅಷ್ಟು ದೊಡ್ಡ ಶತ್ರುವಲ್ಲ. ಬೇರೆ ದೇಶದ ಅಡಿಕೆ ಕದ್ದು ಗಡಿ ದಾಟಿ, ಹೆಸರು ಬದಲಿಸಿ ಮಾರುಕಟ್ಟೆಗೆ ಇಳಿಯುತ್ತದಲ್ಲ, ಬೆಲೆ ಮುರಿಯುವುದು ಅದು. 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿದರು. ಕಳ್ಳಮಾಲಿಗೆ ಅದು ಲೆಕ್ಕಕ್ಕೇ ಇಲ್ಲ. ರಾತ್ರಿ ಅಡ್ಡದಾರಿಯಲ್ಲಿ ನುಸುಳುವ ಲಾರಿಗೆ ಹೋಲಿಸಿದರೆ ವ್ಯಾಗನ್ ವಾಸಿ. ವ್ಯಾಗನ್‌ಗೆ ನಂಬರ್ ಇದೆ, ರೈಲ್ವೆ ರಸೀದಿ ಇದೆ, ತೂಕ ಇದೆ, ಇಳಿಯುವ ಜಾಗ ಒಂದೇ. 17,000 ಟನ್ ಅಂದರೆ 17,000 ಟನ್ನೇ ಬಂತೇ ಅಂತ ಎಣಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆ ಅಡಿಕೆ ರೈಲಿನಲ್ಲೇ ಬರಲಿ, ಬಂದ ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಬೆಳೆಗಾರರ ಅನುಮಾನಕ್ಕೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ. ಉಳಿದ ಅರ್ಧ ನಿಮ್ಮ ಇಲಾಖೆಯ ಕೈಯಲ್ಲಿಲ್ಲ, ಅದು ನನಗೂ ಗೊತ್ತು.

ಇನ್ನೊಂದು ವಿಷಯ, ಇದನ್ನು ಬರೆಯದೆ ಇರಲಾರೆ. 2010ರ ಸೆಪ್ಟೆಂಬರ್‌ನಲ್ಲಿ ಇದೇ ಬನಾರ್‌ಹಾಟ್ ಹತ್ತಿರ ರಾತ್ರಿ ಗೂಡ್ಸ್ ರೈಲು ಬಡಿದು ಏಳು ಆನೆ ಸತ್ತವು. ಗೆಲೆಫು ಕಡೆಯ ಲೈನು ಹೋಗುವ ಸೀಮೆಯೂ ಆನೆಗಳದ್ದೇ, ಚಿರಾಂಗ್–ರಿಪು ಆನೆ ಮೀಸಲು ಇರುವುದು ಅಲ್ಲೇ. ಹಳಿ ಪಕ್ಕದ ಫೈಬರ್ ಕೇಬಲ್‌ನಿಂದ ಆನೆ ಹೆಜ್ಜೆ ಗುರುತಿಸಿ ಡ್ರೈವರಿಗೆ ತಿಳಿಸುವ ವ್ಯವಸ್ಥೆಯನ್ನು ನಿಮ್ಮ ಈಶಾನ್ಯ ಗಡಿ ರೈಲ್ವೆ ಈಗಾಗಲೇ ಹಾಕಿ ನೋಡಿದೆ. ಹೊಸ ಲೈನಿಗೆ ಅದನ್ನು ಹಳಿಯ ಜೊತೆಗೇ ಹಾಕಬೇಕು, ಆನೆ ಸತ್ತ ಮೇಲೆ ಅಲ್ಲ. ಸರಕು ರೈಲು ಕಾಡಿನಲ್ಲಿ ರಾತ್ರಿ ನಿಧಾನ ಹೋದರೆ ಯಾರಿಗೂ ನಷ್ಟವಿಲ್ಲ. ವ್ಯಾಪಾರಿಗೆ ಬೇಕಾದದ್ದು ಗೊತ್ತಾದ ಹೊತ್ತು, ಓಟದ ಸ್ಪರ್ಧೆ ಅಲ್ಲ.

ಈ ಮಾರ್ಗದಲ್ಲಿ ವಂದೇ ಭಾರತ್ ಓಡಿಸುವ ಮಾತೂ ಬಂದಿದೆ. ಓಡಲಿ, ನಾನೇ ಹತ್ತಿ ಹೋಗುತ್ತೇನೆ. ಅದರ ಫೋಟೋ ಚೆನ್ನಾಗಿ ಬರುತ್ತದೆ ಅಂತ ಗೂಡ್ಸ್ ಶೆಡ್ ದುಡ್ಡನ್ನು ಸ್ಟೇಷನ್ನಿನ ಮುಖಕ್ಕೆ ಬಳಿಯದಿದ್ದರೆ ಸಾಕು.

ಜಾಗ ಸಿಗದೆ ಲೈನು ವರ್ಷಗಟ್ಟಲೆ ಹೇಗೆ ಕುಂಟುತ್ತದೆ ಅನ್ನುವುದನ್ನು ತುಮಕೂರು–ದಾವಣಗೆರೆ ಮಾರ್ಗದಲ್ಲಿ ನೀವೇ ನೋಡಿದ್ದೀರಿ. ಆಮೇಲೆ ಯಾರ್ಡ್ ದೊಡ್ಡದು ಮಾಡಬೇಕು ಅಂದರೆ ಮತ್ತೆ ಅದೇ ಗೋಳು. ಆದ್ದರಿಂದ ಗೆಲೆಫು, ಸಮ್ತ್ಸೆ ಗೂಡ್ಸ್ ಶೆಡ್‌ಗಳ ನಕ್ಷೆ ಕೊನೆಯ ಸಹಿಗೆ ಬಂದಾಗ ಒಮ್ಮೆ ತರಿಸಿ ನೋಡಿ, ಸಾರ್. ಸೂರು ಉದ್ದಕ್ಕೂ ಇದೆಯೇ, ಎರಡು ವ್ಯಾಗನ್ ಬೇರೆಯಾಗಿ ನಿಲ್ಲಿಸಿ ತುಂಬಿಸಲು ಸೈಡಿಂಗ್, ಅಂದರೆ ಪಕ್ಕದ ಹಳಿ, ಇದೆಯೇ, ಕಸ್ಟಮ್ಸಿನವರಿಗೆ ಕೂರಲು ಜಾಗ ಇದೆಯೇ ಅಂತ ಕೇಳಿ. ಇಲ್ಲ ಅಂದರೆ ಸಹಿ ಹಾಕದೆ ವಾಪಸ್ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ರೇಕ್ ಕಾಯುತ್ತಾ ತಲೆ ಹಣ್ಣಾದ ಒಬ್ಬ ಕನ್ನಡಿಗ