ಫುಟ್‌ಪಾತ್ ಮೇಲೆ ತಳ್ಳಿದ ಕಾರು

ಗಿಲ್ಡ್‌ಫರ್ಡ್, ಇಂಗ್ಲೆಂಡ್
ಫೆಬ್ರವರಿ 8, ಭಾನುವಾರ

ಪ್ರೀತಿಯ ಪುಟ್ಟಾ,

ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಅಪ್ಪನ ಮಂಡಿ ನೋವು ಹೇಗಿದೆ? ರೊಬಸ್ಟಾ ಕುಯ್ಲು ಮುಗಿಯಿತಾ, ಇಲ್ಲಾ ಈ ಸಲವೂ ಆಳು ಸಿಗದೆ ಗಿಡದಲ್ಲೇ ಉಳಿದಿದೆಯಾ? ಇಲ್ಲಿ ಮೂರು ದಿನದಿಂದ ಮಳೆ. ನಮ್ಮೂರಿನ ಮಳೆ ಥರ ಸುರಿದು ಮುಗಿಸುವುದಿಲ್ಲ. ಇಡೀ ದಿನ ಜಿಟಿಜಿಟಿ, ಯಾರೋ ಮುನಿಸಿಕೊಂಡು ಮೂಗು ಎಳೆಯುತ್ತಾ ಕೂತ ಹಾಗೆ.

ದಿನಾ ವಾಟ್ಸಾಪಲ್ಲಿ ಮಾತಾಡುವವಳು ಈಗ ಯಾಕೆ ಕಾಗದ ಬರೆದಳು ಅಂತ ಅಮ್ಮ ಕೇಳುತ್ತಾಳೆ. ಫೋನಲ್ಲಿ ಈ ಮಾತು ಎತ್ತಿದರೆ ನೀನು ‘ನೆಟ್‌ವರ್ಕ್ ಇಲ್ಲ ಕಣಕ್ಕಾ’ ಅಂತ ಕಟ್ ಮಾಡುತ್ತೀಯ. ಕಾಗದ ಕಟ್ ಮಾಡೋಕೆ ಬರಲ್ಲ, ಅದಕ್ಕೆ.

ಅವತ್ತು ಕಪ್ ಹಿಡಿದ ಫೋಟೊ ಕಳಿಸಿದೆಯಲ್ಲ, ಅದನ್ನು ಇಲ್ಲಿ ನಾನು ಕೆಲಸ ಮಾಡುವ ವೃದ್ಧರ ಕೇರ್ ಹೋಮಿನಲ್ಲಿ ಎಲ್ಲರಿಗೂ ತೋರಿಸಿದೆ. ನಮ್ಮಲ್ಲಿ ಒಬ್ಬ ಅಜ್ಜ ಇದ್ದಾರೆ, ಎಂಬತ್ತು ದಾಟಿದೆ. ಪಕ್ಕದ ಫಾರ್ನಮ್ ಊರಿನವರು. ಕೈ ನಡುಗುತ್ತದೆ, ನಿನ್ನೆ ತಿಂದದ್ದು ನೆನಪಿರಲ್ಲ, ಹುಡುಗನಾಗಿದ್ದಾಗಿನದು ಮಾತ್ರ ಚೆನ್ನಾಗಿ ನೆನಪಿದೆ. ‘ನನ್ನ ತಮ್ಮ, ಆಟೋಕ್ರಾಸ್‌ನಲ್ಲಿ, ಅದೇ ಮಣ್ಣಿನ ಮೇಲೆ ಕೋನ್ ಸುತ್ತಿ ಓಡಿಸುವ ಕಾರ್ ರೇಸಿನಲ್ಲಿ, ಈ ವರ್ಷದ ಚಾಂಪಿಯನ್’ ಅಂದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. ಜಿಪ್ಸಿ ಯಾವ ಮಾಡೆಲ್ಲು, ಎಂಜಿನ್ ಎಷ್ಟು ಸೀಸಿ ಅಂತೆಲ್ಲ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಒಂದೇ ಮಾತು: ‘ಎರಡನೇ ಬಂದವನು ಯಾರು?’

ನನಗೆ ಥಟ್ಟನೆ ಮುಖ ಕೆಂಪಾಯಿತು ಕಣೋ. ಯಾಕೆ ಅಂತ ನಿನಗೆ ಗೊತ್ತು.

ಕೋನ್ ಬೀಳಿಸಿದ್ದು ಮೇಲಿನಮನೆ ಹುಡುಗನ ಗಾಡಿ ಅಲ್ಲ, ಹಗ್ಗ ಎಳೆಯೋಕೆ ಹಿಂದೆ ಸರಿದ ಯಾರದೋ ಕಾಲು ಅಂತ ನೀನೇ ನನಗೆ ಹೇಳಿದೆ. ಧೂಳಿನಲ್ಲಿ ಮಾರ್ಷಲ್‌ಗೆ ಕಾಣಲಿಲ್ಲ. ಆ ಹುಡುಗನಿಗೆ ಪೆನಾಲ್ಟಿ ಬಿತ್ತು, ಅವನು ಎರಡನೆಯವನಾದ, ಕಪ್ ನಿನಗೆ ಬಂತು. ‘ನಾನೇನು ಸುಳ್ಳು ಹೇಳಿಲ್ಲವಲ್ಲ ಅಕ್ಕಾ, ಸುಮ್ನಿದ್ದೆ ಅಷ್ಟೇ’ ಅಂದೆ. ನಾನೂ ಅವತ್ತು ಸುಮ್ನಾದೆ. ಅಜ್ಜ ಕೇಳಿದ ಮೇಲೆ ಸುಮ್ನಿರೋಕೆ ಆಗುತ್ತಿಲ್ಲ.

ಆಮೇಲೆ ಅವರು ಚಹಾದ ತಟ್ಟೆ, ಚಮಚ, ಒಂದು ಬಿಸ್ಕತ್ತು ಇಟ್ಟುಕೊಂಡು ಒಂದು ಕಥೆ ಹೇಳಿದರು. ಮನೆಗೆ ಬಂದು ನಾನೂ ಓದಿದೆ, ಎರಡು ರಾತ್ರಿ ಅದೇ ಕೆಲಸ. ನಿನಗೆ ಸೆನ್ನಾ ಗೊತ್ತು, ಶೂಮಾಕರ್ ಗೊತ್ತು, ವರ್ಸ್ಟಾಪೆನ್ ಅಂದರೆ ಊಟ ಬಿಡುತ್ತೀಯ. ಸ್ಟರ್ಲಿಂಗ್ ಮಾಸ್ ಮತ್ತು ಮೈಕ್ ಹಾಥಾರ್ನ್ ಕಥೆ ನೀನು ಕೇಳಿರಲಿಕ್ಕಿಲ್ಲ.

1958ನೇ ಇಸವಿ. ಫಾರ್ಮುಲಾ ಒನ್‌ನಲ್ಲಿ ಅಲ್ಲಿಯವರೆಗೆ ಬ್ರಿಟನ್ನಿನ ಒಬ್ಬನೂ ಚಾಂಪಿಯನ್ ಆಗಿರಲಿಲ್ಲ. ಆ ವರ್ಷ ಇಬ್ಬರು ಬ್ರಿಟಿಷರೇ ಎದುರುಬದುರು. ಮಾಸ್ ಹಸಿರು ಬಣ್ಣದ ವಾನ್‌ವಾಲ್ ಗಾಡಿಯಲ್ಲಿ, ಹಾಥಾರ್ನ್ ಫೆರಾರಿಯಲ್ಲಿ. ಮಾಸ್ ಶಿಸ್ತಿನ ಮನುಷ್ಯ, ರೇಸನ್ನು ಕಸುಬು ಅಂತ ಮಾಡಿದವನು. ಹಾಥಾರ್ನ್ ನಮ್ಮ ಅಜ್ಜನ ಊರು ಫಾರ್ನಮ್‌ನವನು. ಅವರಪ್ಪನದು ಅಲ್ಲಿ ಗ್ಯಾರೇಜು. ಬೆಳ್ಳಗೆ, ಎತ್ತರ, ರೇಸಿಗೂ ಬೋ ಟೈ ಕಟ್ಟಿಕೊಂಡು ಬರುತ್ತಿದ್ದ. ಬಿಯರ್, ಪಬ್ಬು, ಗೆಳೆಯರ ಗಲಾಟೆ ಅವನಿಗೆ ಇಷ್ಟ. ಅಜ್ಜ ಶಾಲೆ ಬಿಟ್ಟ ಮೇಲೆ ಆ ಗ್ಯಾರೇಜಿನ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರಂತೆ.

ಆಗಸ್ಟ್ 24, ಪೋರ್ಚುಗಲ್‌ನ ಪೋರ್ಟೊ. ಟ್ರ್ಯಾಕ್ ಅಂದರೆ ಊರಿನ ಬೀದಿಗಳೇ. ಕಲ್ಲು ಹಾಸಿದ ರಸ್ತೆ, ಮಧ್ಯೆ ಟ್ರಾಮ್ ಹಳಿ, ಬದಿಯಲ್ಲಿ ದೀಪದ ಕಂಬಗಳು. 50 ಸುತ್ತು. ಮಾಸ್ ಆರಾಮಾಗಿ ಮುಂದಿದ್ದ. ಹಾಥಾರ್ನ್‌ನ ಫೆರಾರಿಗೆ ಡ್ರಮ್ ಬ್ರೇಕು, ಅದು ಕೈಕೊಟ್ಟು ಅವನು ತುಂಬಾ ಹಿಂದೆ ಬಿದ್ದಿದ್ದ. ಆದರೂ ನಡುವೆ ಒಂದು ಸುತ್ತು ಜೋರಾಗಿ ಹೊಡೆದು ಫಾಸ್ಟೆಸ್ಟ್ ಲ್ಯಾಪ್ ಮಾಡಿದ. ಆಗ ಅದಕ್ಕೆ 1 ಪಾಯಿಂಟ್ ಇತ್ತು. ವಾನ್‌ವಾಲ್ ಪಿಟ್ಟಿನವರು, ಅಂದರೆ ಬದಿಯಲ್ಲಿ ನಿಂತ ಅವನ ತಂಡದವರು, ಬೋರ್ಡ್ ಹಿಡಿದು ಮಾಸ್‌ಗೆ ತೋರಿಸಿದರು: ಹಾಥಾರ್ನ್ ರೆಕಾರ್ಡ್. ಬೋರ್ಡ್ ಚಿಕ್ಕದಲ್ವಾ, ರೆಕಾರ್ಡ್ ಅನ್ನುವುದನ್ನು ಇಂಗ್ಲಿಷಿನಲ್ಲಿ ‘ಆರ್-ಇ-ಸಿ’ ಅಂತ ಮೂರೇ ಅಕ್ಷರಕ್ಕೆ ಮೊಟಕು ಮಾಡಿ ಬರೆದಿದ್ದರು. ಕೊನೆಯ ‘ಸಿ’ಯನ್ನು ಮಾಸ್ ‘ಜಿ’ ಅಂತ ಓದಿಕೊಂಡ. ಹಾಥಾರ್ನ್ ರೆಗ್ಯುಲರ್, ಅಂದರೆ ಮಾಮೂಲಾಗಿ ಓಡುತ್ತಿದ್ದಾನೆ ಅಂತ. ಮಾಸ್‌ನ ಗಾಡಿಯಲ್ಲಿ ಇನ್ನೂ ಸ್ಪೀಡ್ ಇತ್ತು, ಬೇಕಾಗಿದ್ದರೆ ಹೊಡೆಯಬಹುದಿತ್ತು. ಹೊಡೆಯಲಿಲ್ಲ. ಆ ಒಂದು ಅಕ್ಷರ ನೆನಪಿಟ್ಟುಕೊ, ಆಮೇಲೆ ಬೇಕಾಗುತ್ತದೆ.

ಕೊನೆಗೆ ಮಾಸ್ ಹಾಥಾರ್ನ್‌ನ ಬೆನ್ನಿಗೇ ಬಂದಿದ್ದ. ದಾಟಿ ಒಂದು ಸುತ್ತು ಹಿಂದೆ ಹಾಕಬಹುದಿತ್ತು. ಪಾಪ ಹೋಗಲಿ ಅಂತ ಬಿಟ್ಟ. ಹಾಥಾರ್ನ್‌ಗೆ ಇನ್ನೊಂದು ಸುತ್ತು ಓಡುವುದು ಉಳಿಯಿತು, ಆ ಸುತ್ತಿನಲ್ಲೇ ಗಾಡಿ ಗಿರಕಿ ಹೊಡೆದು ಬದಿಗೆ ಹೋಗಿ ನಿಂತಿತು. ಎಂಜಿನ್ ಬಂದ್. ಇಳಿದು ತಳ್ಳಿದ. ರೇಸ್ ಹೋಗುವ ದಿಕ್ಕಿನಲ್ಲಿ ಏರು, ಒಬ್ಬನೇ ತಳ್ಳಿದರೆ ಅಲ್ಲಾಡಲಿಲ್ಲ. ಅಜ್ಜ ಇಲ್ಲಿ ತಟ್ಟೆಯನ್ನು ಓರೆ ಮಾಡಿ ಹಿಡಿದರು. ಚಮಚವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದರು. ಅದು ಜಾರಿ ಕೆಳಗೆ ಬಂತು. ಮತ್ತೆ ತಳ್ಳಿದರು. ಮತ್ತೆ ಬಂತು. ತಟ್ಟೆಯಲ್ಲಿ ಉಳಿದಿದ್ದ ಚಹಾ ನನ್ನ ಯೂನಿಫಾರ್ಮಿನ ಮೇಲೆ ಚೆಲ್ಲಿತು, ಅವರಿಗೆ ಗೊತ್ತೇ ಆಗಲಿಲ್ಲ.

ಅಷ್ಟರಲ್ಲಿ ಮಾಸ್ ರೇಸ್ ಗೆದ್ದು, ನಿಧಾನವಾಗಿ ಇನ್ನೊಂದು ಸುತ್ತು ಬರುತ್ತಿದ್ದ. ಹಾಥಾರ್ನ್ ಬೆವರು ಸುರಿಸುತ್ತಾ ಗಾಡಿ ನೂಕುವುದು ಕಂಡಿತು. ‘ಇಳಿಜಾರಿಗೆ ತಳ್ಳು, ಸ್ಟಾರ್ಟ್ ಆಗುತ್ತೆ’ ಅನ್ನುವ ಅರ್ಥದಲ್ಲಿ ಕೂಗಿದ. ನೋಡು, ಚಾಂಪಿಯನ್‌ಶಿಪ್ಪಿಗೆ ತನ್ನ ಜೊತೆ ಗುದ್ದಾಡುತ್ತಿರುವವನಿಗೆ! ಅಪ್ಪ ಅಂಬಾಸಡರ್ ಸ್ಟಾರ್ಟ್ ಮಾಡೋಕೆ ನಮ್ಮನ್ನೆಲ್ಲ ಇಳಿಸಿ ಗೇಟಿನ ಇಳಿಜಾರಿಗೆ ತಳ್ಳಿಸುತ್ತಿದ್ದರಲ್ಲ, ಅದೇ ಉಪಾಯ. ಹಾಥಾರ್ನ್ ಫುಟ್‌ಪಾತ್ ಮೇಲೆ ಹಿಮ್ಮುಖವಾಗಿ ಇಳಿಜಾರಿಗೆ ತಳ್ಳಿದ, ಎಂಜಿನ್ ಹತ್ತಿತು, ಎರಡನೆಯವನಾಗಿ ಮುಗಿಸಿದ.

ಸ್ಟೀವರ್ಡ್‌ಗಳು, ಅಂದರೆ ರೇಸಿನ ತೀರ್ಪುಗಾರರು, ಅವನನ್ನು ಡಿಸ್‌ಕ್ವಾಲಿಫೈ ಮಾಡಿದರು. ಟ್ರ್ಯಾಕಿನಲ್ಲಿ ಎದುರು ದಿಕ್ಕಿಗೆ ಹೋಗುವಂತಿಲ್ಲ ಅಂತ.

ಮಾಸ್ ಏನೂ ಮಾಡಬೇಕಾಗಿರಲಿಲ್ಲ ಪುಟ್ಟಾ. ಕಪ್ ತಗೊಂಡು ಹೋಟೆಲಿಗೆ ಹೋಗಿ ಸ್ನಾನ ಮಾಡಿ ಮಲಗಿದ್ದರೆ ಸಾಕಿತ್ತು, ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಅವನು ತಾನೇ ಹೋಗಿ ಸಾಕ್ಷಿ ಹೇಳಿದ. ನಾನು ನೋಡಿದ್ದೇನೆ, ಗಾಡಿ ರಸ್ತೆಯ ಮೇಲೆ ಇರಲಿಲ್ಲ, ಫುಟ್‌ಪಾತ್ ಮೇಲಿತ್ತು ಅಂತ. ಸ್ಟೀವರ್ಡ್‌ಗಳು ಒಪ್ಪಿದರು. ಎರಡನೇ ಸ್ಥಾನದ 6, ಫಾಸ್ಟೆಸ್ಟ್ ಲ್ಯಾಪಿನ 1, ಒಟ್ಟು 7 ಪಾಯಿಂಟ್ ಹಾಥಾರ್ನ್‌ಗೆ ವಾಪಸ್ ಬಂತು.

ಕೊನೆಯ ರೇಸು ಅಕ್ಟೋಬರ್ 19, ಮೊರಾಕ್ಕೊದ ಕಾಸಾಬ್ಲಾಂಕಾ. ಮಾಸ್ ಚಾಂಪಿಯನ್ ಆಗಬೇಕಾದರೆ ರೇಸ್ ಗೆಲ್ಲಬೇಕು, ಫಾಸ್ಟೆಸ್ಟ್ ಲ್ಯಾಪೂ ತಾನೇ ಮಾಡಬೇಕು, ಹಾಥಾರ್ನ್ ಮೂರನೆಯವನೋ ಅದಕ್ಕಿಂತ ಹಿಂದೆಯೋ ಬರಬೇಕು. ಮಾಸ್ ತನ್ನ ಪಾಲಿನ ಎರಡನ್ನೂ ಮಾಡಿದ. ಆದರೆ ಫೆರಾರಿಯ ಇನ್ನೊಬ್ಬ ಡ್ರೈವರ್ ಫಿಲ್ ಹಿಲ್ ಪಕ್ಕಕ್ಕೆ ಸರಿದು ಹಾಥಾರ್ನ್‌ಗೆ ಎರಡನೇ ಸ್ಥಾನ ಬಿಟ್ಟುಕೊಟ್ಟ. ಹಾಥಾರ್ನ್ 42, ಮಾಸ್ 41. ಆ ವರ್ಷ ಮಾಸ್ ಗೆದ್ದದ್ದು ನಾಲ್ಕು ರೇಸು. ಹಾಥಾರ್ನ್ ಗೆದ್ದದ್ದು ಒಂದೇ ಒಂದು, ಫ್ರಾನ್ಸಿನಲ್ಲಿ. ಉಳಿದ ಪಾಯಿಂಟು ಹೆಚ್ಚಾಗಿ ಎರಡನೇ ಸ್ಥಾನ ಹೊಂದಿಸಿಕೊಂಡು ಬಂದದ್ದು.

ನೈಟ್ ಡ್ಯೂಟಿಯಲ್ಲಿ ಕೂತು ಒಂದು ಹಳೆಯ ಚಾರ್ಟಿನ ಹಿಂದೆ ಲೆಕ್ಕ ಹಾಕಿ ನೋಡಿದೆ. ಆಗ ಒಬ್ಬನ ಅತಿ ಒಳ್ಳೆಯ ಆರು ಫಲಿತಾಂಶ ಮಾತ್ರ ಲೆಕ್ಕಕ್ಕೆ. ಪೋರ್ಟೊದ 7 ಹೋಗಿದ್ದರೆ ಅದರ ಜಾಗಕ್ಕೆ ಅರ್ಜೆಂಟೀನಾ ರೇಸಿನ ಮೂರನೇ ಸ್ಥಾನದ 4 ಬರುತ್ತಿತ್ತು. ಹಾಥಾರ್ನ್ 39ಕ್ಕೆ ನಿಲ್ಲುತ್ತಿದ್ದ, ಮಾಸ್ ಚಾಂಪಿಯನ್. ಅಥವಾ ಆ ಬೋರ್ಡಿನ ‘ಸಿ’ ಸರಿಯಾಗಿ ಕಂಡು ಅವನೇ ಫಾಸ್ಟೆಸ್ಟ್ ಲ್ಯಾಪ್ ಹೊಡೆದಿದ್ದರೂ ಸಾಕಿತ್ತು. ಸಾಕ್ಷಿ ಹೇಳಿದ್ದಕ್ಕೇ ಕಪ್ ಹೋಯಿತು ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ಆ ಅಕ್ಷರದ ಮೇಲೇ ಸಿಟ್ಟು ಜಾಸ್ತಿ ಬರುತ್ತದೆ.

ಮಾಸ್ ಮುಂದೆ ಯಾವತ್ತೂ ಚಾಂಪಿಯನ್ ಆಗಲಿಲ್ಲ. 1955ರಿಂದ 58ರವರೆಗೆ ನಾಲ್ಕು ವರ್ಷ ಸಾಲಾಗಿ ಎರಡನೇ ಸ್ಥಾನ, ಆಮೇಲೆ ಮೂರು ವರ್ಷ ಮೂರನೇ ಸ್ಥಾನ. 1962ರಲ್ಲಿ ಇಲ್ಲೇ ಹತ್ತಿರದ ಗುಡ್‌ವುಡ್‌ನಲ್ಲಿ ಗಾಡಿ ಗುದ್ದಿಕೊಂಡು ಅವನ ಫಾರ್ಮುಲಾ ಒನ್ ಓಟವೇ ನಿಂತುಹೋಯಿತು. 2020ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡ. ಹಾಥಾರ್ನ್ ಪರ ಹೇಳಿದ್ದಕ್ಕೆ ಅವನು ಪಶ್ಚಾತ್ತಾಪ ಪಟ್ಟದ್ದು ನಾನು ಎಲ್ಲೂ ಓದಲಿಲ್ಲ.

ಅವರಿಬ್ಬರೂ ಪ್ರಾಣಸ್ನೇಹಿತರು ಅಂತ ತಿಳಿಯಬೇಡ. ಹಾಥಾರ್ನ್‌ನ ಜೀವದ ಗೆಳೆಯ ಪೀಟರ್ ಕಾಲಿನ್ಸ್. ಆ ಹುಡುಗನದು ಇನ್ನೊಂದು ಕಥೆ. 1956ರಲ್ಲಿ ಇಟಲಿಯ ಮೊಂಜಾದಲ್ಲಿ ತನ್ನದೇ ಫೆರಾರಿ ತಂಡದ ಫಾಂಜಿಯೊ ಗಾಡಿ ಕೆಟ್ಟು ನಿಂತಾಗ, ತನಗೇ ಚಾಂಪಿಯನ್ ಆಗುವ ಅವಕಾಶ ಇದ್ದರೂ ಪಿಟ್ಟಿಗೆ ಬಂದು ಇಳಿದು ತನ್ನ ಗಾಡಿ ಕೊಟ್ಟ. ಆಗ ಹಾಗೆ ಕೊಡಲು ನಿಯಮ ಇತ್ತು. ಫಾಂಜಿಯೊ ಚಾಂಪಿಯನ್ ಆದ. ಇವನಿಗಿನ್ನೂ 24 ವರ್ಷ, ಮುಂದೆ ಸಮಯ ಇದೆ ಅಂದುಕೊಂಡ. ಸಮಯ ಇರಲಿಲ್ಲ. 1958ರ ಆಗಸ್ಟ್‌ನಲ್ಲಿ ಜರ್ಮನಿಯ ನೂರ್‌ಬರ್ಗ್‌ರಿಂಗ್ ರೇಸಿನ ಅಪಘಾತದಲ್ಲಿ ಸತ್ತ. ಅದಕ್ಕೆ ಒಂದು ತಿಂಗಳು ಮುಂಚೆ ಫೆರಾರಿಯ ಮುಸ್ಸೊ. ಕಾಸಾಬ್ಲಾಂಕಾದಲ್ಲಿ ಮಾಸ್‌ನ ಜೊತೆಯವನು ಲೂಯಿಸ್-ಇವಾನ್ಸ್ ಗಾಡಿಗೆ ಬೆಂಕಿ ಬಿದ್ದು, ಆರು ದಿನ ಬಿಟ್ಟು ತೀರಿಕೊಂಡ. ಸುಟ್ಟ ಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಆ ಆರು ದಿನ ಹೇಗಿದ್ದಿರಬಹುದು ಅಂತ ನನಗೆ ಗೊತ್ತು. ನೀನು ಹೆಲ್ಮೆಟ್ ಪಟ್ಟಿ ಸಡಿಲ ಬಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತೀಯಲ್ಲ, ಅದು ಬಿಡು, ದಯವಿಟ್ಟು.

ಹಾಥಾರ್ನ್‌ಗೂ ಸಾಕಾಗಿತ್ತು. ಚಾಂಪಿಯನ್ ಆದ ಕೂಡಲೇ ರೇಸ್ ಬಿಟ್ಟ. ಮೂರು ತಿಂಗಳು ಕಳೆದಿತ್ತು, 1959ರ ಜನವರಿ 22. ಮಳೆ, ಗಾಳಿ. ಫಾರ್ನಮ್‌ನಿಂದ ಹೊರಟು ಗಿಲ್ಡ್‌ಫರ್ಡ್ ಬೈಪಾಸಿಗೆ ಬಂದ, ತನ್ನ ಜಾಗ್ವಾರ್‌ನಲ್ಲಿ. ಮುಂದೆ ಒಂದು ಮರ್ಸಿಡಿಸ್ ಹೋಗುತ್ತಿತ್ತು. ಅದರಲ್ಲಿದ್ದವನು ರೇಸ್ ತಂಡದ ಮಾಲೀಕ ರಾಬ್ ವಾಕರ್. 1958ರ ಮೊದಲ ರೇಸನ್ನು ಮಾಸ್ ಗೆದ್ದದ್ದು ಅವನ ಗಾಡಿಯಲ್ಲಿ. ಗುರುತು ಸಿಕ್ಕಿದ ಮೇಲೆ ಹಾಥಾರ್ನ್ ಸುಮ್ನಿರುತ್ತಾನಾ? ದಾಟಿದ. ಗಾಡಿ ಹತೋಟಿ ತಪ್ಪಿ ಮರಕ್ಕೆ ಗುದ್ದಿತು. 29 ವರ್ಷ. ವಾರಕ್ಕೆ ಎರಡು ಸಲ ನಾನು ಆ ರಸ್ತೆಯಲ್ಲೇ ಹೋಗುತ್ತೇನೆ. ಮೂರು ವರ್ಷದಿಂದ ಹೋಗುತ್ತಿದ್ದೇನೆ, ಗೊತ್ತೇ ಇರಲಿಲ್ಲ.

ನಿನ್ನ ಗೋಡೆಯ ಸೆನ್ನಾ ಏನು ಮಾಡಿದ ಅಂತ ನೀನು ಕೇಳುತ್ತೀಯ. ಹೌದು, 1990ರಲ್ಲಿ ಜಪಾನಿನ ಸುಜುಕಾದಲ್ಲಿ ಮೊದಲ ತಿರುವಿನಲ್ಲೇ ಎದುರಾಳಿ ಪ್ರಾಸ್ಟ್‌ಗೆ ಗುದ್ದಿ ಚಾಂಪಿಯನ್ ಆದ, ವರ್ಷ ಬಿಟ್ಟು ಬೇಕಂತಲೇ ಮಾಡಿದ್ದು ಅಂತ ಒಪ್ಪಿಕೊಂಡ. ಹಿಂದಿನ ವರ್ಷ ತನಗೆ ಅನ್ಯಾಯ ಆಗಿದೆ ಅಂತ ಅವನಿಗೆ ಸಿಟ್ಟಿತ್ತು, ಅದರಲ್ಲಿ ಅರ್ಧ ನಿಜವೂ ಇರಬಹುದು. ಅವನ ಡ್ರೈವಿಂಗ್ ನೋಡಿದರೆ ನನಗೂ ಮೈ ಜುಮ್ ಅನ್ನುತ್ತದೆ. ಪೋಸ್ಟರ್ ತೆಗೆ ಅನ್ನುತ್ತಿಲ್ಲ.

ನೀನು ಗುದ್ದಲಿಲ್ಲ, ಮೋಸ ಮಾಡಲಿಲ್ಲ. ಅದು ನನಗೆ ಗೊತ್ತು. ಆದರೆ ಹೋದ ಮಳೆಗಾಲದಲ್ಲಿ ನಿನ್ನ ಜಿಪ್ಸಿ ಕ್ಲಚ್ ಹೋದಾಗ ರಾತ್ರಿ ಹನ್ನೊಂದರ ತನಕ ಟಾರ್ಚ್ ಹಿಡಿದು ನಿಂತವನು ಯಾರು? ಅದೇ ಮೇಲಿನಮನೆ ಹುಡುಗ. ಅವನ ಜ್ಯಾಕ್ ಇನ್ನೂ ನಮ್ಮ ಶೆಡ್ಡಿನಲ್ಲಿದೆ ಅಂತ ಅಪ್ಪ ಹೇಳಿದರು. ಅವನು ವಾಪಸ್ ತಗೊಂಡು ಹೋಗೋಕೂ ಬಂದಿಲ್ಲವಂತೆ. ಜನವರಿಯಿಂದ ನಮ್ಮನೆ ಕಡೆ ತಲೆ ಹಾಕಿಲ್ಲ ಅಂದರೆ, ಅವನಿಗೂ ಏನೋ ಗೊತ್ತಾಗಿದೆ ಅಂತ ನನಗೆ ಅನುಮಾನ. ಕಮಿಟಿಯವರಿಗೆ ಈಗ ಹೇಳಿದರೆ ರಿಸಲ್ಟ್ ಬದಲಾಗುತ್ತದೋ ಇಲ್ಲವೋ, ಅದು ಅವರ ರೂಲ್ಸು. ಜ್ಯಾಕ್ ವಾಪಸ್ ಕೊಡೋಕೆ ಯಾರ ಅಪ್ಪಣೆಯೂ ಬೇಡವಲ್ಲ. ಹೋಗುವಾಗ ಬರಿ ಜ್ಯಾಕ್ ಕೊಟ್ಟು ಬರಬೇಡ.

ಅಜ್ಜನಿಗೆ ಅವತ್ತು ನಾನು ‘ಪಕ್ಕದ ಮನೆ ಹುಡುಗ’ ಅಂತ ಮಾತ್ರ ಹೇಳಿದೆ. ಅವರಿಗೆ ಮರೆತುಹೋಗುತ್ತದೆ. ಫೋಟೊ ಇನ್ನೂ ಅವರ ಟೇಬಲ್ಲಿನ ಮೇಲಿದೆ, ದಿನಾ ಬೆಳಿಗ್ಗೆ ಮಾತ್ರೆ ಕೊಡೋಕೆ ಹೋದಾಗ ನೋಡಿ ಅದನ್ನೇ ಮತ್ತೆ ಕೇಳುತ್ತಾರೆ.

ಏಪ್ರಿಲ್‌ನಲ್ಲಿ ರಜ ಸಿಕ್ಕರೆ ಬರುತ್ತೇನೆ. ಅಪ್ಪನಿಗೆ ಮಂಡಿಗೆ ಹಾಕುವ ಬೆಲ್ಟ್ ತಂದಿಟ್ಟಿದ್ದೇನೆ. ಮನೆ ಕಾಫಿ ಪುಡಿ ಖಾಲಿಯಾಗಿದೆ, ಯಾರಾದರೂ ಈ ಕಡೆ ಬರುವವರಿದ್ದರೆ ಒಂದು ಕೆ.ಜಿ. ಕಳಿಸಿ, ಚಿಕೋರಿ ಬೆರೆಸಬೇಡಿ.

ಅಮ್ಮನಿಗೆ ಓದಿ ಹೇಳುವಾಗ ಕೋನ್ ವಿಷಯ ಬಿಟ್ಟು ಓದು. ಮೊದಲು ಅವನ ಮನೆಗೆ ಹೋಗಿ ಬಾ, ಆಮೇಲೆ ಪೂರ್ತಿ ಓದುವೆಯಂತೆ.

ನಿನ್ನ
ಅಕ್ಕ